ಉಪ್ಪುನೀರಿನ ತೊಟ್ಟಿ: ಕಾಯಿಲೆ ಮೀನಿಗೋ, ನೀರಿಗೋ?



ಗಾಜಿನ ತೊಟ್ಟಿಯಲ್ಲಿ ಬಂಗಾರದ ಮೀನು ಸಾಕುವವರನ್ನು ನೀವೆಲ್ಲ ಕಂಡಿದ್ದೀರಿ. ಸಮುದ್ರದ ಮೀನನ್ನು ಮನೆಯಲ್ಲೋ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲೋ ಸಾಕುವವರು ಅಷ್ಟು ಮಂದಿ ಇಲ್ಲ. ಆದರೂ ಕಡಲಿನಿಂದ ನೂರಾರು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಕೂಡ ಪೊಟ್ಟಣದ ಉಪ್ಪನ್ನು ನೀರಿಗೆ ಕಲಸಿ, ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಯುಳ್ಳ ಕ್ಲೌನ್ ಮೀನನ್ನು ಸಾಕುವ ಹವ್ಯಾಸ ಬೆಳೆದಿದೆ. ತೊಟ್ಟಿ ಬಂದ ವಾರದೊಳಗೆ ಇಂಥವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಮೀನು ಆಹಾರ ಮುಟ್ಟುತ್ತಿಲ್ಲ, ಮೂಲೆ ಹಿಡಿದಿದೆ, ಯಾವ ಔಷಧಿ ಹಾಕಲಿ?’

ಪ್ರಶ್ನೆಯ ಅನುಕ್ರಮವೇ ತಪ್ಪು. ಔಷಧಿ ಯಾವುದು ಎಂದು ಕೇಳುವ ಮೊದಲು ನೀರು ಹೇಗಿದೆ ಎಂದು ಕೇಳಬೇಕು. ಕಾಯಿಲೆ ಬಿದ್ದಂತೆ ಕಾಣುವ ಮೀನುಗಳಲ್ಲಿ ಎಷ್ಟೋ ಮೀನುಗಳಿಗೆ ಕಾಯಿಲೆಯೇ ಇರುವುದಿಲ್ಲ. ಅವು ವಿಷದಲ್ಲಿ ಈಜುತ್ತಿರುತ್ತವೆ. ಆ ವಿಷದ ಮೇಲೆ ನಾವು ಔಷಧಿಯನ್ನೂ ಸುರಿದರೆ, ಬದುಕಬಹುದಾಗಿದ್ದ ಮೀನೂ ಸಾಯುತ್ತದೆ.

ಸಮುದ್ರದ ಮೀನಿಗೆ ನೀರಿನೊಡನೆ ಇರುವ ಸಂಬಂಧವನ್ನು ಸ್ವಲ್ಪ ಬಿಡಿಸಿ ನೋಡೋಣ. ಅಭಿಸರಣ ಕ್ರಿಯೆಯನ್ನು ನೀವು ಪಾಠದಲ್ಲಿ ಓದಿದ್ದೀರಿ. ಮೂಳೆಮೀನಿನ ದೇಹದ್ರವದಲ್ಲಿರುವ ಲವಣ ಸಮುದ್ರದ ನೀರಿನಲ್ಲಿರುವುದರ ಸುಮಾರು ಮೂರನೆಯ ಒಂದು ಪಾಲು. ಆದ್ದರಿಂದ ಅದರ ದೇಹದಿಂದ ನೀರು ಸದಾ ಹೊರಕ್ಕೆ ಜಿನುಗುತ್ತಿರುತ್ತದೆ. ನೀರಿನ ನಡುವೆ ಇದ್ದೂ ಮೀನಿಗೆ ನೀರಡಿಕೆ! ಈ ನಷ್ಟವನ್ನು ತುಂಬಿಕೊಳ್ಳಲು ಅದು ಸಮುದ್ರದ ನೀರನ್ನು ಕುಡಿಯುತ್ತಲೇ ಇರಬೇಕು. ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರದೂಡುತ್ತಲೇ ಇರಬೇಕು. ಸಿಹಿನೀರಿನ ಮೀನು ಹಾಗೆ ಕುಡಿಯುವುದಿಲ್ಲ. ಹೀಗಾಗಿ ಉಪ್ಪುನೀರಿನ ತೊಟ್ಟಿಯಲ್ಲಿ ನೀವು ಏನನ್ನು ಬೆರೆಸಿದರೂ ಅದು ಮೀನಿನ ಮೈಗೆ ತಗಲುವುದಷ್ಟೇ ಅಲ್ಲ, ಹೊಟ್ಟೆಯೊಳಕ್ಕೂ ಹೋಗುತ್ತದೆ.

ಇನ್ನು ವಿಷದ ಮಾತು. ಮೀನು ತನ್ನ ಸಾರಜನಕದ ಕಶ್ಮಲವನ್ನು ಹೆಚ್ಚಾಗಿ ಅಮೋನಿಯದ ರೂಪದಲ್ಲಿ ಕಿವಿರಿನಿಂದಲೇ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಬರುವುದು ಅಮೋನಿಯವೇ. ಕಡಲಿನಲ್ಲಿ ಇದು ಲೆಕ್ಕಕ್ಕಿಲ್ಲ. ನೂರು ಲೀಟರಿನ ತೊಟ್ಟಿಯಲ್ಲಿ ಇದೇ ದೊಡ್ಡ ಲೆಕ್ಕ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ: ಒಂದು ಅಯಾನು, ಅಷ್ಟು ಅಪಾಯಕಾರಿಯಲ್ಲ, ಇನ್ನೊಂದು ಅಯಾನಾಗದ ಅಮೋನಿಯ, ಕಿವಿರನ್ನು ಸುಲಭವಾಗಿ ದಾಟುವ ವಿಷ. ಯಾವುದರ ಪಾಲು ಎಷ್ಟು ಎಂಬುದನ್ನು ನೀರಿನ ಪಿ.ಎಚ್. ತೀರ್ಮಾನಿಸುತ್ತದೆ. ಪಿ.ಎಚ್. 7 ಇರುವ ಸಿಹಿನೀರಿನಲ್ಲಿ ವಿಷರೂಪದ ಪಾಲು ನೂರರಲ್ಲಿ ಒಂದಕ್ಕಿಂತ ಕಡಿಮೆ. ಸಮುದ್ರದ ನೀರಿನ ಪಿ.ಎಚ್. ಸುಮಾರು 8.2, ಅಲ್ಲಿ ಈ ಪಾಲು ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಬಂಗಾರದ ಮೀನು ಸಹಿಸಿಕೊಳ್ಳುವಷ್ಟು ಅಮೋನಿಯ ಕ್ಲೌನ್ ಮೀನನ್ನು ಕೊಲ್ಲಬಲ್ಲದು ಎಂಬುದಕ್ಕೆ ಇದೇ ಮುಖ್ಯ ಕಾರಣ.

ಇದನ್ನು ನಿಭಾಯಿಸುವವರು ಬ್ಯಾಕ್ಟೀರಿಯಗಳು. ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಿಂದ ಇಂಥವುಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಗುಂಪು ಅಮೋನಿಯವನ್ನು ನೈಟ್ರೈಟಿಗೆ ಬದಲಿಸುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟಿಗೆ. ನೈಟ್ರೇಟು ಬಹುಮಟ್ಟಿಗೆ ನಿರುಪದ್ರವಿ. ಆಗಾಗ್ಗೆ ಒಂದಿಷ್ಟು ನೀರು ಬದಲಿಸಿದರೆ ಅದು ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಗಳು ಮರಳು, ಕಲ್ಲು, ಫಿಲ್ಟರಿನ ಸ್ಪಂಜುಗಳ ಮೇಲೆ ನೆಲೆಸುತ್ತವೆ. ಆದರೆ ಬಹಳ ನಿಧಾನವಾಗಿ ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ಎರಡು ಗುಂಪುಗಳೂ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಈಗ ಒಂದು ತೊಟ್ಟಿಯನ್ನು ಊಹಿಸಿಕೊಳ್ಳಿ. ಭಾನುವಾರ ಉಪ್ಪು ಕಲಸಿ ನೀರು ತುಂಬಿದರು. ಸೋಮವಾರ ನಾಲ್ಕು ಮೀನು ಬಂತು. ಮನೆಯವರೆಲ್ಲ ಸರದಿಯ ಮೇಲೆ ಆಹಾರ ಹಾಕಿದರು. ಶುಕ್ರವಾರ ನಾಲ್ಕೂ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿವೆ. ಅಂಗಡಿಯಿಂದ ಒಂದು ಪ್ರತಿಜೈವಿಕ ತಂದು ಹಾಕಿದರು. ಆಗತಾನೆ ನೆಲೆಯೂರುತ್ತಿದ್ದ ಉಪಯುಕ್ತ ಬ್ಯಾಕ್ಟೀರಿಯಗಳಿಗೂ ಅದರಿಂದ ಪೆಟ್ಟು ಬಿತ್ತು. ಭಾನುವಾರ ತೊಟ್ಟಿ ಖಾಲಿ. ‘ಏನೋ ಸಾಂಕ್ರಾಮಿಕ ರೋಗ’ ಎಂದು ಮನೆಯವರು ಹೇಳುತ್ತಾರೆ. ಅಮೋನಿಯ ಪರೀಕ್ಷೆಯ ದ್ರಾವಣದ ನಾಲ್ಕು ಹನಿ ಹಾಕಿ ಬಣ್ಣ ನೋಡಿದ್ದರೆ ಶುಕ್ರವಾರವೇ ಸತ್ಯ ತಿಳಿಯುತ್ತಿತ್ತು. ಆಗ ಮಾಡಬೇಕಾಗಿದ್ದದ್ದು ಇಷ್ಟೇ: ಅದೇ ಉಷ್ಣತೆ, ಅದೇ ಉಪ್ಪಿನ ಹೊಸ ನೀರಿನಿಂದ ತೊಟ್ಟಿಯ ಅರ್ಧದಷ್ಟು ನೀರನ್ನು ಬದಲಿಸುವುದು, ಎರಡು ದಿನ ಆಹಾರ ನಿಲ್ಲಿಸುವುದು, ಗಾಳಿಯ ಪಂಪು ಚೆನ್ನಾಗಿ ಓಡುವಂತೆ ನೋಡಿಕೊಳ್ಳುವುದು. ಆರೋಗ್ಯವಾಗಿರುವ ಮೀನು ಎರಡು ದಿನದ ಉಪವಾಸಕ್ಕೆ ಸಾಯುವುದಿಲ್ಲ.

ಹಾಗಾದರೆ ನೀರಿನ ದೋಷವನ್ನೂ ನಿಜವಾದ ರೋಗವನ್ನೂ ಬೇರ್ಪಡಿಸುವುದು ಹೇಗೆ? ಪರೀಕ್ಷಾ ದ್ರಾವಣವನ್ನು ಕೈಗೆತ್ತಿಕೊಳ್ಳುವುದಕ್ಕೂ ಮೊದಲು ಕಣ್ಣೇ ಬಹಳಷ್ಟು ಹೇಳುತ್ತದೆ. ಎಲ್ಲ ಮೀನುಗಳೂ ಒಂದೇ ಹೊತ್ತಿಗೆ ಕೆಟ್ಟರೆ ನೀರನ್ನು ಅನುಮಾನಿಸಿ. ಹೊಸದಾಗಿ ತಂದ ಮೀನು ಮೊದಲು, ಅದರ ನೆರೆಯದು ನಾಲ್ಕು ದಿನದ ಮೇಲೆ, ಹೀಗೆ ಒಂದರ ಹಿಂದೆ ಒಂದು ಬಿದ್ದರೆ ರೋಗವನ್ನು. ಬೆಳಗಿನ ಜಾವ ಮಾತ್ರ ಏದುಸಿರು ಬಿಟ್ಟು, ದೀಪ ಹಚ್ಚಿದ ಕೆಲವು ಗಂಟೆಗಳಲ್ಲಿ ಸರಿಹೋದರೆ ಆಕ್ಸಿಜನ್ನಿನ ಕೊರತೆ. ರಾತ್ರಿ ಪಾಚಿಯೂ ಆಕ್ಸಿಜನ್ನನ್ನೇ ಬಳಸುತ್ತದಲ್ಲವೆ? ಸೀಗಡಿ, ಬಸವನಹುಳುಗಳೂ ಮೀನಿನ ಜೊತೆಗೇ ಸಾಯುತ್ತಿದ್ದರೆ ಅದು ಮೀನಿನ ಪರೋಪಜೀವಿಯ ಕೆಲಸವಾಗಿರಲಾರದು. ಯಾವುದೋ ವಿಷ ನೀರಿಗೆ ಸೇರಿದೆ. ನಮ್ಮ ಮನೆಗಳಲ್ಲಿ ಆ ವಿಷ ಹಲವು ವೇಳೆ ಸೊಳ್ಳೆ ಓಡಿಸುವ ಬತ್ತಿ ಮತ್ತು ಸಿಂಪಡಣೆಯದು. ಅವುಗಳಲ್ಲಿರುವ ಪೈರೆಥ್ರಾಯ್ಡ್ ರಾಸಾಯನಿಕಗಳು ಮೀನಿಗೂ ಸೀಗಡಿಗೂ ಬಹಳ ಅಪಾಯಕಾರಿ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ ಎಂಬುದನ್ನು ಬತ್ತಿ ಹಚ್ಚುವವರು ಯೋಚಿಸುವುದಿಲ್ಲ.

ಆಕ್ಸಿಜನ್ನಿನ ವಿಷಯದಲ್ಲಿ ಉಪ್ಪುನೀರು ಹುಟ್ಟಾ ಬಡವ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಕ್ಸಿಜನ್ನನ್ನು ಹಿಡಿದಿಡಬಲ್ಲುದಾದರೆ, ಸಮುದ್ರದ ನೀರು 6.8ರಷ್ಟನ್ನು ಮಾತ್ರ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುತ್ತದೆ. ಆದ್ದರಿಂದ ಬೇಸಿಗೆಯ ವಿದ್ಯುತ್ ಕಡಿತ ಇಂಥ ತೊಟ್ಟಿಗೆ ಗಂಡಾಂತರ. ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪೊಂದು ಮನೆಯಲ್ಲಿರಬೇಕು. ಇಲ್ಲವಾದರೆ ಚೊಂಬಿನಲ್ಲಿ ನೀರನ್ನು ಮೊಗೆದು ಎತ್ತರದಿಂದ ಸುರಿಯುತ್ತಿದ್ದರೂ ಆದೀತು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಕರಾವಳಿಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದಾಗ, ಅವರ ಮನೆಯ ಕೆಲಸದಾಕೆ ಹೀಗೆಯೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿಯಾಡಿಸುತ್ತಿದ್ದಳು. ಇನ್ನೊಂದು ಎಚ್ಚರಿಕೆ: ಮುಚ್ಚಿದ ಡಬ್ಬಿಯಂಥ ಫಿಲ್ಟರು ಹಲವು ಗಂಟೆ ನಿಂತಿದ್ದರೆ, ವಿದ್ಯುತ್ತು ಬಂದ ಕೂಡಲೇ ಅದನ್ನು ಚಾಲೂ ಮಾಡಬಾರದು. ಒಳಗೆ ಉಸಿರುಗಟ್ಟಿ ಸತ್ತ ಬ್ಯಾಕ್ಟೀರಿಯಗಳ ಕೊಳೆ ತೊಟ್ಟಿಗೆ ನುಗ್ಗುತ್ತದೆ. ಬಿಚ್ಚಿ, ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲೇ ಸ್ಪಂಜನ್ನು ಅದ್ದಿ ತೊಳೆದು ಮತ್ತೆ ಜೋಡಿಸಿ. ನಲ್ಲಿಯ ನೀರಿನಲ್ಲಿ ತೊಳೆದರೆ ಅದರ ಕ್ಲೋರಿನ್ನು ಉಳಿದ ಬ್ಯಾಕ್ಟೀರಿಯಗಳನ್ನೂ ಮುಗಿಸುತ್ತದೆ.

ಉಪ್ಪಿನ ಲೆಕ್ಕ ಗಣಿತದ ಒಂದು ಚಿಕ್ಕ ಸಮಸ್ಯೆ. ಲೀಟರಿಗೆ 35 ಗ್ರಾಂನಂತೆ ನೂರು ಲೀಟರಿನಲ್ಲಿ ಮೂರೂವರೆ ಕಿಲೋ ಉಪ್ಪಿದೆ. ಹತ್ತು ಲೀಟರು ಆವಿಯಾಯಿತು. ಉಪ್ಪು ಆವಿಯಾಗುವುದಿಲ್ಲ, ಅದೇ ಮೂರೂವರೆ ಕಿಲೋ ಈಗ ತೊಂಬತ್ತು ಲೀಟರಿನಲ್ಲಿದೆ, ಎಂದರೆ ಲೀಟರಿಗೆ ಸುಮಾರು 39 ಗ್ರಾಂ. ಕಡಿಮೆಯಾದದ್ದಕ್ಕೆ ಉಪ್ಪುನೀರನ್ನೇ ತುಂಬಿದರೆ ಆ ಹೆಚ್ಚಳ ಹಾಗೆಯೇ ಉಳಿಯುತ್ತದೆ, ತಿಂಗಳು ತಿಂಗಳಿಗೆ ಏರುತ್ತದೆ. ಆವಿಯಾದ ಜಾಗಕ್ಕೆ ಶುದ್ಧವಾದ ಸಿಹಿನೀರು, ಹೊರತೆಗೆದು ಚೆಲ್ಲಿದ ನೀರಿನ ಜಾಗಕ್ಕೆ ಮಾತ್ರ ಉಪ್ಪುನೀರು.

ಪಿ.ಎಚ್. ಇಳಿದಿದ್ದರೆ ಅಡಿಗೆ ಸೋಡದ ಡಬ್ಬಕ್ಕೆ ಕೈಹಾಕುವ ಮೊದಲು ಒಂದು ಪ್ರಯೋಗ ಮಾಡಿ. ತೊಟ್ಟಿಯ ನೀರನ್ನು ಒಂದು ಲೋಟದಲ್ಲಿ ಹೊರಾಂಗಣಕ್ಕೆ ಒಯ್ದು ಎರಡು ಮೂರು ಗಂಟೆ ಗಾಳಿ ಹಾಯಿಸಿ, ಮತ್ತೆ ಅಳೆಯಿರಿ. ಪಿ.ಎಚ್. ಏರಿದರೆ, ಮುಚ್ಚಿದ ಕೋಣೆಯ ಇಂಗಾಲದ ಡೈಆಕ್ಸೈಡೇ ಕಾರಣ; ಕಿಟಕಿ ತೆರೆದರೆ ಸಾಕು.

ನೀರೆಲ್ಲ ಸರಿಯಿದೆ, ಆದರೂ ಮೀನು ನರಳುತ್ತಿದೆ ಎಂದಾಗ ರೋಗದ ಸರದಿ. ಅತಿ ಸಾಮಾನ್ಯವಾದದ್ದು ಬಿಳಿ ಚುಕ್ಕೆ ರೋಗ. ಸೀಗಡಿ ಕೃಷಿಕರು ಇದೇ ಹೆಸರಿನಿಂದ ಕರೆಯುವುದು ಒಂದು ವೈರಸ್ ರೋಗವನ್ನು, ಅದು ಬೇರೆ. ಮೀನಿನ ಈ ರೋಗಕ್ಕೆ ಕಾರಣ ಕ್ರಿಪ್ಟೊಕ್ಯಾರಿಯಾನ್ ಎಂಬ ಏಕಕೋಶ ಜೀವಿ. ರವೆಯ ಕಾಳಿನಂಥ ಚುಕ್ಕೆಗಳು ಮೈಮೇಲೂ ರೆಕ್ಕೆಗಳ ಮೇಲೂ ಏಳುತ್ತವೆ. ಇದರ ಜೀವನಚಕ್ರ ತಿಳಿಯದೆ ಚಿಕಿತ್ಸೆ ಮಾಡುವುದು ಕತ್ತಲಲ್ಲಿ ಕಲ್ಲೆಸೆದಂತೆ. ಚರ್ಮದ ಪದರದೊಳಗೆ ಮೂರರಿಂದ ಏಳು ದಿನ ತಿಂದು ಬೆಳೆದು ಅದು ತಾನಾಗಿಯೇ ಕಳಚಿಕೊಳ್ಳುತ್ತದೆ. ತೊಟ್ಟಿಯ ತಳದಲ್ಲಿ ಗಟ್ಟಿ ಕೋಶ ಕಟ್ಟಿಕೊಂಡು ಒಳಗೊಳಗೇ ವಿಭಜನೆಗೊಳ್ಳುತ್ತದೆ. ಕೆಲವು ದಿನಗಳಲ್ಲೋ ಕೆಲವು ವಾರಗಳಲ್ಲೋ ಆ ಕೋಶ ಒಡೆದು ನೂರಾರು ಮರಿಗಳು ಈಜುತ್ತ ಹೊರಟು ಹೊಸ ಮೀನನ್ನು ಹುಡುಕುತ್ತವೆ. ಔಷಧಿ ತಾಗುವುದು ಹೀಗೆ ಈಜುವ ಹಂತದಲ್ಲಿ ಮಾತ್ರ. ಚರ್ಮದೊಳಗಿರುವಾಗಲೂ ಇಲ್ಲ, ಕೋಶದೊಳಗಿರುವಾಗಲೂ ಇಲ್ಲ.

ಇದರಿಂದ ಒಂದು ತಮಾಷೆಯಾಗುತ್ತದೆ. ಚುಕ್ಕೆ ಕಂಡ ದಿನ ಒಬ್ಬರು ಆಹಾರಕ್ಕೆ ಬೆಳ್ಳುಳ್ಳಿ ರಸ ಬೆರೆಸುತ್ತಾರೆ. ಐದನೆಯ ದಿನ ಚುಕ್ಕೆ ಮಾಯ. ಬೆಳ್ಳುಳ್ಳಿಗೆ ಕೀರ್ತಿ! ಎರಡು ಮೂರು ವಾರದ ಮೇಲೆ ಹತ್ತು ಪಟ್ಟು ಚುಕ್ಕೆಗಳೊಡನೆ ರೋಗ ಮರಳಿದಾಗ ‘ಇದು ಹೊಸ ರೋಗ’ ಎನ್ನುತ್ತಾರೆ. ಏನನ್ನೂ ಬೆರೆಸದ ಎರಡನೆಯ ತೊಟ್ಟಿಯೊಂದು ಪಕ್ಕದಲ್ಲಿದ್ದಿದ್ದರೆ ಅಲ್ಲಿಯೂ ಚುಕ್ಕೆಗಳು ಅದೇ ಐದನೆಯ ದಿನ ಮಾಯವಾಗುತ್ತಿದ್ದವು. ಹೋಲಿಕೆಗೆ ಇಂಥದೊಂದು ತೊಟ್ಟಿ ಇಲ್ಲದ ಪ್ರಯೋಗದಿಂದ ಔಷಧಿಯ ಗುಣ ತಿಳಿಯುವುದಿಲ್ಲ.

ಚುಕ್ಕೆಗಿಂತ ಭೀಕರವಾದದ್ದು ಮಖಮಲ್ ರೋಗ. ಅಮೈಲೊಡಿನಿಯಂ ಎಂಬ ಜೀವಿ ಮೊದಲು ಕಿವಿರನ್ನೇ ಹಿಡಿಯುತ್ತದೆ. ಮೈಮೇಲೆ ಹಿಟ್ಟು ಉದುರಿಸಿದಂಥ ಸಣ್ಣ ಪುಡಿ ಓರೆಯಾಗಿ ಬಿದ್ದ ಬೆಳಕಿನಲ್ಲಿ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಒಂದೆರಡು ದಿನದಲ್ಲಿ ತೊಟ್ಟಿ ಬರಿದಾಗುವುದುಂಟು. ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರ ಪದರವಾಗಿ ಸುಲಿಯುತ್ತಿದ್ದರೆ ಅದು ಬ್ರೂಕ್ಲಿನೆಲ್ಲ. ಅದಕ್ಕೆ ತಾಮ್ರ ನಾಟುವುದಿಲ್ಲ.

ಮೊದಲಿನ ಎರಡಕ್ಕೆ ತಾಮ್ರ ಹಳೆಯ, ನಂಬಬಹುದಾದ ಔಷಧಿ. ಆದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ, ಅದಕ್ಕಿಂತ ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನು ಉಳಿಯುವುದಿಲ್ಲ. ದಿನಕ್ಕೆರಡು ಬಾರಿ ಅಳೆಯುತ್ತ ಎರಡು ಮೂರು ವಾರ ಅದೇ ಮಟ್ಟದಲ್ಲಿರಿಸಬೇಕು. ಮೈಲುತುತ್ತವನ್ನು ಕೈಯಳತೆಯಲ್ಲಿ ಹಾಕುವವರಿಗೆ ಇದು ಸಾಧ್ಯವಿಲ್ಲದ ಮಾತು. ಸೀಗಡಿ, ಬಸವನಹುಳು, ಹವಳಗಳಿಗೆ ಇಷ್ಟು ತಾಮ್ರವೇ ಮೃತ್ಯು. ಸುಣ್ಣದ ಅಂಶದ ಮರಳು, ಕಲ್ಲುಗಳು ತಾಮ್ರವನ್ನು ಹೀರಿಕೊಂಡು ಅಳತೆಯನ್ನೇ ಕೆಡಿಸುತ್ತವೆ. ಆದುದರಿಂದ ಚಿಕಿತ್ಸೆ ಮುಖ್ಯ ತೊಟ್ಟಿಯಲ್ಲಿ ಅಲ್ಲ, ಬೇರೊಂದು ಆಸ್ಪತ್ರೆ ತೊಟ್ಟಿಯಲ್ಲಿ: ಬರಿಯ ಗಾಜು, ಅಡಗಿಕೊಳ್ಳಲು ಒಂದೆರಡು ಪಿ.ವಿ.ಸಿ. ಕೊಳವೆಯ ತುಂಡು, ಮುಖ್ಯ ತೊಟ್ಟಿಯಲ್ಲಿ ಮೊದಲೇ ಹದಗೊಂಡ ಒಂದು ಸ್ಪಂಜು. ಎಲ್ಲ ಮೀನುಗಳನ್ನೂ ಅದಕ್ಕೆ ವರ್ಗಾಯಿಸಿ, ಮುಖ್ಯ ತೊಟ್ಟಿಯನ್ನು ಕನಿಷ್ಠ ಆರು ವಾರ, ಸಾಧ್ಯವಾದರೆ ಹತ್ತು ವಾರ ಮೀನಿಲ್ಲದೆ ಬಿಡಬೇಕು. ಮೀನು ಸಿಗದ ಪರೋಪಜೀವಿ ಹಸಿದು ಸಾಯುತ್ತದೆ.

ಇಷ್ಟೆಲ್ಲ ಪಾಡು ಬೇಡವೆಂದರೆ ರೋಗ ಒಳಬರುವ ಬಾಗಿಲನ್ನೇ ಕಾಯಬೇಕು. ಆ ಬಾಗಿಲು ಅಂಗಡಿಯಿಂದ ತರುವ ಹೊಸ ಮೀನು. ಹವಳದ ದಿಬ್ಬದಿಂದ ಹಿಡಿದು, ಹಲವು ಕೈ ದಾಟಿ ಬಂದ ಮೀನಿಗಿಂತ ತೊಟ್ಟಿಯಲ್ಲೇ ಹುಟ್ಟಿದ ಮೀನು ಮೇಲು. ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆಯೇ ರೂಪಿಸಿದೆ. ತೊಟ್ಟಿಯ ಅಂದಕ್ಕೆಂದು ಜೀವಂತ ಹವಳವನ್ನೋ ಕಡಲ್ಗುದುರೆಯನ್ನೋ ಸಮುದ್ರದಿಂದ ಕಿತ್ತು ತರುವುದು ಅಪರಾಧ. 2001ರಲ್ಲಿಯೇ ಇವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳನ್ನು ನೋಡಲು ಹೋಗುವವರೂ ಇದನ್ನು ಗಮನದಲ್ಲಿಡಬೇಕು.

ಅಂಗಡಿಯಲ್ಲಿ ಮೀನನ್ನು ಆರಿಸುವಾಗ, ನಿಮ್ಮ ಕಣ್ಣೆದುರಿಗೇ ಅದಕ್ಕೆ ಆಹಾರ ಹಾಕಲು ಹೇಳಿ. ತಿನ್ನದ ಮೀನು ಬೇಡ. ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ಆಡುತ್ತದೆ ಎಂದು ಗಡಿಯಾರ ಹಿಡಿದು ಎಣಿಸಿ, ಪಕ್ಕದ ಮೀನಿನೊಡನೆ ಹೋಲಿಸಿ ನೋಡಿ. ಅಂಗಡಿಯವರು ಬೇಸರಿಸಿದರೆ ಬೇಸರಿಸಲಿ. ಮನೆಗೆ ತಂದ ಮೇಲೆ ನಾಲ್ಕು ವಾರ ಅದು ಆಸ್ಪತ್ರೆ ತೊಟ್ಟಿಯಲ್ಲಿಯೇ ಇರಲಿ. ಅಲ್ಲಿಗೆ ಬಳಸಿದ ಬಲೆ, ಚೊಂಬು, ಕೊಳವೆಗಳನ್ನು ಮುಖ್ಯ ತೊಟ್ಟಿಗೆ ಅದ್ದಬೇಡಿ.