ಚಾಲನೆಯ ವೇಳೆ ಸಂದೇಶ: ನಿಷೇಧದ ಔಚಿತ್ಯ

ವಾಹನ ಚಲಾಯಿಸುತ್ತ ಮೊಬೈಲಿನಲ್ಲಿ ಸಂದೇಶ ಬರೆಯುವುದನ್ನು ಕಾನೂನು ನಿಷೇಧಿಸಬೇಕೇ, ಇಲ್ಲವೇ ಅದನ್ನು ಚಾಲಕನ ವಿವೇಚನೆಗೇ ಬಿಡಬೇಕೇ ಎಂಬ ಪ್ರಶ್ನೆಗೆ ಭಾರತದ ಸಂಸತ್ತು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಉತ್ತರ ನೀಡಿದೆ. ಮೂಲ ಕಾಯ್ದೆಯ 184ನೇ ಕಲಮಿನ ವಿವರಣೆಯು ಕೈಯಲ್ಲಿ ಹಿಡಿಯುವ ಸಂವಹನ ಸಾಧನವನ್ನು ಚಾಲನೆಯ ವೇಳೆ ಬಳಸುವುದನ್ನು, ಕೆಂಪು ದೀಪ ದಾಟುವುದರ ಸಾಲಿನಲ್ಲಿಯೇ ನಿಲ್ಲಿಸಿ, 'ಅಪಾಯಕಾರಿ ಚಾಲನೆ', ಅಂದರೆ ಸಾರ್ವಜನಿಕರಿಗೆ ಗಂಡಾಂತರ ತರುವ ಚಾಲನೆ ಎಂದು ಪರಿಗಣಿಸುತ್ತದೆ. ಮೊದಲ ತಪ್ಪಿಗೆ 1,000ದಿಂದ 5,000 ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು.

ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಐದು ಸೆಕೆಂಡುಗಳಲ್ಲಿ 80 ಮೀಟರಿಗೂ ಹೆಚ್ಚು ದೂರ ಸಾಗುವುದರಿಂದ, 'ಹೊರಟೆ, ಬರ್ತಿದ್ದೀನಿ' ಎಂದು ಬೆರಳಾಡಿಸುವಷ್ಟರಲ್ಲಿ ಚಾಲಕನು ಅಷ್ಟು ರಸ್ತೆಯನ್ನು ಬಹುಮಟ್ಟಿಗೆ ನೋಡದೆಯೇ ಕ್ರಮಿಸಿರುತ್ತಾನೆ. ಅಪಘಾತವಾದ ಮೇಲೆ ಶಿಕ್ಷಿಸಿದರೆ ಸಾಕೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಏಕೆಂದರೆ ಆ ಅಪಾಯವನ್ನು ಹೊರುವ ಪಾದಚಾರಿಯು ಅದಕ್ಕೆ ಎಂದೂ ಸಮ್ಮತಿ ನೀಡಿರುವುದಿಲ್ಲ.

ಆದರೆ ನಿಷೇಧದ ಭಾರವೆಲ್ಲ ಚಾಲಕನ ಹೆಗಲಿಗೇ ಬೀಳುವುದು ನ್ಯಾಯವಲ್ಲ. ದಾರಿ ತೋರಿಸಲು ಮಾತ್ರ, ಏಕಾಗ್ರತೆಗೆ ಭಂಗ ಬಾರದಂತೆ ಫೋನ್ ಬಳಸಲು 2020ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ನಿಯಮಗಳು ಅವಕಾಶ ನೀಡಿವೆ. ಊಟ ತಲುಪಿಸುವ ಯುವಕನ ಸ್ಕೂಟರಿನ ಹ್ಯಾಂಡಲಿಗೆ ಸಿಕ್ಕಿಸಿದ ಅದೇ ಪರದೆಯ ಮೇಲೆ, ಗಾಡಿ ಓಡುತ್ತಿರುವಾಗಲೇ ಮುಂದಿನ ಆರ್ಡರ್ ಮಿನುಗಿ, ಕ್ಷಣಗಳಲ್ಲಿ ಒಪ್ಪಿಗೆ ಕೇಳುತ್ತದೆ. ಆದ್ದರಿಂದ ನಿಷೇಧವು ಅಗತ್ಯವಾದರೂ, ಚಲಿಸುತ್ತಿರುವ ಚಾಲಕನಿಂದ ಉತ್ತರ ಬೇಡುವ ಸಂಸ್ಥೆಗಳನ್ನೂ ಹೊಣೆಗಾರರನ್ನಾಗಿಸಿದಾಗ ಮಾತ್ರ ಅದು ಪೂರ್ಣವಾಗುತ್ತದೆ.