ಕೊಡಗಿನ ಏಕನಾಮಧೇಯರಾದ ಅರಸರು



ತಾತನ ಹೆಸರನ್ನು ಮೊಮ್ಮಗನಿಗಿಡುವುದು ಕನ್ನಡನಾಡಿನ ಮನೆಮನೆಗಳಲ್ಲಿ ನಡೆದುಬಂದಿರುವ ಪದ್ಧತಿಯು. ಹಿರಿಯರ ಸದ್ಗುಣಗಳು ಕಿರಿಯರಲ್ಲಿ ನೆಲೆಸಲೆಂಬುದೇ ಅದರ ಆಶಯವು. ಆದರೆ ಹೆಸರಿನೊಡನೆ ನಡತೆಯೂ ಬರುವುದೇ? ಇದನ್ನು ವಿಚಾರಿಸಲು ಕೊಡಗನ್ನಾಳಿದ ವೀರಶೈವ ಮತಸ್ಥರಾದ ಹಾಲೇರಿಯ ಅರಸರ ಚರಿತ್ರೆಯು ಉತ್ತಮ ನಿದರ್ಶನವಾಗಿರುವುದು. ಈ ವಂಶದಲ್ಲಿ ಲಿಂಗರಾಜ, ವೀರರಾಜ ಎಂಬ ಹೆಸರುಗಳು ಮರಳಿ ಮರಳಿ ಬರುವುದರಿಂದ, ಓದುವವರು ಒಬ್ಬನ ಕಾರ್ಯವನ್ನು ಮತ್ತೊಬ್ಬನದೆಂದು ತಿಳಿಯುವುದುಂಟು.

ಮೊದಲನೆಯ ಲಿಂಗರಾಜನು ಹೈದರಾಲಿಯ ಸಹಾಯದಿಂದ ರಾಜ್ಯವನ್ನು ಪಡೆದು 1780ರಲ್ಲಿ ದಿವಂಗತನಾದನು. ಮಕ್ಕಳು ಎಳೆಯರೆಂಬ ನೆಪದಿಂದ ಹೈದರನು ನಾಡನ್ನೇ ವಶಪಡಿಸಿಕೊಂಡು, ಅವರನ್ನು ಗೊರೂರಿನಲ್ಲಿ ಸೆರೆಯಿರಿಸಿದನು. ಆ ಮಕ್ಕಳಲ್ಲಿ ತಂದೆಯ ಹೆಸರನ್ನೇ ಹೊತ್ತವನು 1811ರಿಂದ 1820ರವರೆಗೆ ಆಳಿದನು. ಆಡಳಿತದ ಕಟ್ಟಳೆಗಳನ್ನು ವಿಧಿಸಿದ ಹುಕುಂನಾಮೆಯೂ, 1820ರಲ್ಲಿ ಪೂರ್ಣಗೊಂಡ ಮಡಿಕೇರಿಯ ಓಂಕಾರೇಶ್ವರ ದೇವಾಲಯವೂ ಈ ಎರಡನೆಯ ಲಿಂಗರಾಜನವು. ಆದರೆ ಅಣ್ಣನು ಉತ್ತರಾಧಿಕಾರಿಣಿಯಾಗಿ ಗೊತ್ತುಮಾಡಿದ್ದ ದೇವಮ್ಮಾಜಿಯನ್ನು ಸರಿಸಿ ಈತನು ಪಟ್ಟವೇರಿದನೆಂಬುದನ್ನೂ ಮರೆಯಲಾಗದು.

ಆ ಅಣ್ಣನೇ ದೊಡ್ಡ ವೀರರಾಜೇಂದ್ರನು. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು, ಕೊಡಗರನ್ನು ಕೂಡಿಸಿ, ಟಿಪ್ಪುವಿನ ದಂಡನ್ನು ಹೊರದೂಡಿದನು. 1790ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಸಂಧಿ ಮಾಡಿಕೊಂಡನು. ವೀರರಾಜಪೇಟೆಯೂ ನಾಲ್ಕುನಾಡಿನ ಅರಮನೆಯೂ ಈತನವು. ಕನ್ನಡದಲ್ಲಿ ರಾಜೇಂದ್ರನಾಮೆಯನ್ನು ಬರೆಯಿಸಿದವನೂ ಈತನೇ. ಇಂತಹ ಪರಾಕ್ರಮಿಯೂ ಕೊನೆಗಾಲದಲ್ಲಿ ಚಿತ್ತಭ್ರಮೆಗೊಳಗಾಗಿ ಅನೇಕರ ಪ್ರಾಣವನ್ನು ತೆಗೆಯಿಸಿ, 1809ರಲ್ಲಿ ತೀರಿಕೊಂಡನು.

ದೊಡ್ಡಪ್ಪನ ಹೆಸರನ್ನು ಪಡೆದ ಚಿಕ್ಕವೀರರಾಜೇಂದ್ರನು, ಎಂದರೆ ಎರಡನೆಯ ಲಿಂಗರಾಜನ ಮಗನು, 1820ರಲ್ಲಿ ಪಟ್ಟಕ್ಕೆ ಬಂದನು. ಹಿರಿಯನು ಸೆರೆಯಿಂದ ಸಿಂಹಾಸನಕ್ಕೆ ಬಂದರೆ ಕಿರಿಯನು ಸಿಂಹಾಸನದಿಂದ ಸೆರೆಗೆ ಹೋದನು. ಹಿರಿಯನು ಮಿತ್ರನೆಂದು ಕರೆತಂದ ಕಂಪನಿಯೇ 1834ರಲ್ಲಿ ಕಿರಿಯನ ರಾಜ್ಯವನ್ನು ಕಿತ್ತುಕೊಂಡು ಅವನನ್ನು ಕಾಶಿಗೆ ಕಳುಹಿಸಿತು. 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋಗಿ, ದೊಡ್ಡಪ್ಪನು ಕಂಪನಿಯಲ್ಲಿ ಇರಿಸಿದ್ದ ಹಣಕ್ಕಾಗಿ ದಾವೆ ಹೂಡಿದನು. 1859ರಲ್ಲಿ ಲಂಡನ್ನಿನಲ್ಲಿಯೇ ಮೃತನಾದನು.

ಹುಟ್ಟಿನಿಂದ ಬಂದ ಹೆಸರಿನ ಕಥೆಯು ಹೀಗಾದರೆ, ತಾನಾಗಿ ಹೊತ್ತ ಹೆಸರಿನ ಕಥೆಯೊಂದುಂಟು. ರಾಜ್ಯವು ಹೋದ ಬಳಿಕ ಹಾಲೇರಿ ವಂಶದವನೆಂದು ಜನರನ್ನು ಕೂಡಿಸಿದ ಕಲ್ಯಾಣಸ್ವಾಮಿಯು ಸೆರೆಸಿಕ್ಕಲು, ಪುಟ್ಟಬಸಪ್ಪನೆಂಬ ರೈತನು ಅದೇ ಹೆಸರಿನಿಂದ ಮುಂದೆ ನಿಂತನು. 1837ರ ಏಪ್ರಿಲಿನಲ್ಲಿ ಆ ದಂಡು ಸುಳ್ಯದ ಕಡೆಯಿಂದ ಹೊರಟು ಮಂಗಳೂರನ್ನು ಹಿಡಿದು, ಸುಮಾರು ಎರಡು ವಾರಗಳ ಕಾಲ ತನ್ನ ವಶದಲ್ಲಿಟ್ಟುಕೊಂಡಿತು. ಎರವಲು ಹೆಸರಿಗಾಗಿ ಪುಟ್ಟಬಸಪ್ಪನು ನೇಣುಗಂಬವನ್ನೇರಿದನು. ಅರಸುಮಗನಲ್ಲದವನು ಅರಸರ ಹೆಸರಿಗೆ ಪ್ರಾಣವನ್ನು ತೆತ್ತನು.

ಮಡಿಕೇರಿಯ ಗದ್ದುಗೆಗೆ ಹೋದವರು ದೊಡ್ಡ ವೀರರಾಜೇಂದ್ರನ ಸಮಾಧಿಯನ್ನೂ, ಪಕ್ಕದಲ್ಲಿ ಎರಡನೆಯ ಲಿಂಗರಾಜನ ಸಮಾಧಿಯನ್ನೂ ಕಾಣಬಹುದು. ಈ ಎರಡನೆಯದನ್ನು ಕಟ್ಟಿಸಿದವನು ಚಿಕ್ಕವೀರರಾಜೇಂದ್ರನೇ. ಅವನ ಸಮಾಧಿಯಾದರೋ ಅಲ್ಲಿಲ್ಲ. 

ಆದುದರಿಂದ ಸದ್ಭಕ್ತರೇ, ಮಕ್ಕಳಿಗೆ ಹಿರಿಯರ ಹೆಸರನ್ನಿಡುವಾಗ ಆ ಹಿರಿಯರ ಗುಣವನ್ನೂ ದೋಷವನ್ನೂ ಮರೆಮಾಚದೆ ಹೇಳಿಕೊಡಬೇಕು. ಹೆಸರನ್ನು ಕೊಡುವುದಕ್ಕೆ ಒಂದು ಮುಹೂರ್ತವು ಸಾಕು. ಅದಕ್ಕೆ ತಕ್ಕಂತೆ ಬಾಳುವುದಕ್ಕೆ ಆಯುಷ್ಯವೆಲ್ಲವೂ ಬೇಕು.

ಇತಿ ಶಿವಮ್.