ಮರಿಯ ಬಣ್ಣ ಹೇಳುವ ಮೊದಲು ತಾಯ್ತಂದೆಯನ್ನು ನೋಡಿ



ಸಾಕು ಫಿಂಚ್‌ಗಳ ಬಣ್ಣ ಮತ್ತು ತಳಿಶಾಸ್ತ್ರದ ಈ ವಿಚಾರ ಸಂಕಿರಣ ಕೋಟೇಶ್ವರದಲ್ಲಿ ನಡೆಯುವುದು ಉಚಿತವೇ ಆಗಿದೆ. ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಕರಾವಳಿಯ ಗದ್ದೆಗಳಿಗೆ ಇಳಿಯುವ ರಾಟವಾಳಗಳಲ್ಲಿ, ಬಾಲದ ಬುಡದ ಮೇಲೆ ಬಿಳಿಪಟ್ಟಿ ಇರುವ ಒಂದು ಜಾತಿಯಿದೆ. ಇದೇ ಜಾತಿಯ ಹಕ್ಕಿಗಳು ಚೀನಾದಿಂದ ಜಪಾನಿಗೆ ಹೋಗಿ, ಸುಮಾರು 250 ವರ್ಷಗಳ ಸಾಕಣೆಯಲ್ಲಿ ಅಚ್ಚ ಬಿಳಿ, ತಿಳಿಗಂದು, ಮಚ್ಚೆಮೈಯ ‘ಬೆಂಗಾಲೀಸ್ ಫಿಂಚ್’ಗಳಾದವು.

ಇಂದು ಪಂಜರಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್. ಅದರ ಬೂದು ಮರಿಗಳಲ್ಲಿ ಗಂಡು-ಹೆಣ್ಣು ಎರಡೂ ಒಂದೇ ಥರ: ಬೂದು ಮೈ, ಕಪ್ಪು ಕೊಕ್ಕು. ಗಂಡಿನ ಕಿತ್ತಳೆ ಕೆನ್ನೆ, ಎದೆಯ ಗೆರೆಗಳು ಪೂರ್ತಿ ಮೂಡಲು ಸುಮಾರು ಮೂರು ತಿಂಗಳು ಬೇಕು. ಮರಿಗಳಿಗೆ ತಪ್ಪು ಹೆಸರು ಅಂಟುವುದು ಈ ಮೂರು ತಿಂಗಳಲ್ಲೇ.

ಇಲ್ಲಿ ಕಣ್ಣಿಗಿಂತ ಲೆಕ್ಕ ನಂಬಿಗಸ್ತ. ಹಕ್ಕಿಗಳಲ್ಲಿ ಗಂಡಿಗೆ ಎರಡು ಜ಼ೆಡ್ ವರ್ಣತಂತು, ಹೆಣ್ಣಿಗೆ ಒಂದು ಜ಼ೆಡ್, ಒಂದು ಡಬ್ಲ್ಯೂ, ಮನುಷ್ಯರಿಗೆ ತಿರುವುಮುರುವು. ‘ಫಾನ್’ ಎಂಬ ತಿಳಿಗಂದು ಬಣ್ಣದ ಜೀನ್ ಇರುವುದು ಜ಼ೆಡ್ ಮೇಲೆ, ಅದೂ ಅಪ್ರಬಲವಾಗಿ. ಹಾಗಾಗಿ ಫಾನ್ ಗಂಡಿಗೆ ಬೂದು ಹೆಣ್ಣನ್ನು ಜೋಡಿ ಮಾಡಿದರೆ ಹೆಣ್ಣುಮರಿಗಳೆಲ್ಲ ಫಾನ್, ಗಂಡುಮರಿಗಳೆಲ್ಲ ಬೂದು. ಕೆನ್ನೆಯ ಬಣ್ಣಕ್ಕೆ ಕಾಯಬೇಕಾಗಿಯೇ ಇಲ್ಲ, ಪುಕ್ಕ ಬಂದ ಕೂಡಲೇ ಗಂಡು-ಹೆಣ್ಣು ತಿಳಿಯುತ್ತದೆ. ಆ ಬೂದು ಗಂಡುಗಳ ಒಳಗೆ ಫಾನ್ ಅಡಗಿರುತ್ತದೆ. ಸಾಕಣೆದಾರರು ಇವನ್ನೇ ‘ಸ್ಪ್ಲಿಟ್’ ಎನ್ನುತ್ತಾರೆ. ಬೂದು ಜೋಡಿಯ ಗೂಡಲ್ಲಿ ಫಾನ್ ಮರಿ ಕಂಡರೆ ಅದು ಹೆಣ್ಣು, ಅದರ ಅಪ್ಪ ಸ್ಪ್ಲಿಟ್. ಹೆಣ್ಣು ಮಾತ್ರ ಫಾನ್‌ಗೆ ಸ್ಪ್ಲಿಟ್ ಆಗಲಾರದು. ಹಾಗೆಂದು ಯಾರಾದರೂ ಮಾರಿದರೆ ನಂಬಬೇಡಿ.

ಈ ತಿಳಿವಳಿಕೆ ಹಳೆಯದು. ಇಂಗ್ಲೆಂಡಿನಲ್ಲಿ ಫ್ಲಾರೆನ್ಸ್ ಡರ್ಹಮ್ ಮತ್ತು ಡೊರೊಥಿಯಾ ಮ್ಯಾರಿಯಟ್ 1908ರಲ್ಲೇ ದಾಲ್ಚಿನ್ನಿ ಬಣ್ಣದ ಕ್ಯಾನರಿಗಳಲ್ಲಿ ಇಂಥದೇ ಲಿಂಗಸಂಬಂಧಿ ಅನುವಂಶೀಯತೆಯನ್ನು ವರದಿ ಮಾಡಿದ್ದರು. ಜೀಬ್ರಾ ಫಿಂಚಿನ ಜೀನೋಮ್ 2010ರಲ್ಲಿ ಪ್ರಕಟವಾಯಿತು. ಕೆಂಪು ಕೊಕ್ಕು ಹಳದಿಯಾಗುವ ಮ್ಯುಟೇಶನ್ನಿನ ಜೀನ್ ಗುರುತಾದದ್ದು 2016ರಲ್ಲಿ.

ಬಿಳಿ ಬಣ್ಣ ಬೇರೆ ಬಗೆಯದು. ಅದು ಅಪ್ರಬಲವಾದರೂ ಲಿಂಗಕ್ಕೆ ಅಂಟಿಲ್ಲ. ಬೂದು ಜೋಡಿಗೆ ಬಿಳಿಮರಿ ಹುಟ್ಟಬೇಕಾದರೆ ತಂದೆ ತಾಯಿ ಇಬ್ಬರಲ್ಲೂ ಆ ಜೀನ್ ಅಡಗಿರಬೇಕು. ‘ಚೆಸ್ಟ್‌ನಟ್ ಫ್ಲ್ಯಾಂಕ್ಡ್ ವೈಟ್’ ಎಂಬ ಇನ್ನೊಂದು ಬೆಳ್ಳನೆಯ ಬಗೆ ಮತ್ತೆ ಜ಼ೆಡ್‌ನದೇ. ಬೆಳೆದ ಮೇಲೆ ಮಸುಕಾದ ಹೆಣ್ಣುಗಳಲ್ಲಿ ಇವೆರಡೂ ಗೊಂದಲ ಮಾಡುತ್ತವೆ. ಆದರೆ ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಎರಡನೆಯದರ ಕಣ್ಣು ಕೆಂಪಾಗಿ ಕಾಣುತ್ತದೆ. ಬಿಳಿಮರಿಯ ಕಣ್ಣು ಕಪ್ಪು. ಆ ದಿನ ನೋಡಿ ಬರೆದಿಟ್ಟವರಿಗೆ ಮುಂದೆ ಅನುಮಾನ ಉಳಿಯುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಕಾಡಿನಿಂದ ಹಿಡಿದ ರಾಟವಾಳಕ್ಕೆ ಬಣ್ಣ ಬಳಿದು ಮಾರುವ ಕ್ರೂರ ದಂಧೆ ದೇಶದಲ್ಲಿದೆ. ಅದು ಮ್ಯುಟೇಶನ್ ಅಲ್ಲ, ಮೋಸ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ ಕೂಡ. ಅಪರೂಪದ ಬಣ್ಣದಾಸೆಗೆ ಅಣ್ಣ-ತಂಗಿ ಹಕ್ಕಿಗಳನ್ನೇ ತಲೆಮಾರುಗಟ್ಟಲೆ ಕೂಡಿಸಿ ಮರಿಗಳನ್ನು ದುರ್ಬಲಗೊಳಿಸುವುದೂ ಅಷ್ಟೇ ತಪ್ಪು.

ಈ ಸಂಕಿರಣಕ್ಕೆ ಬಂದ ಪ್ರತಿಯೊಬ್ಬ ಸಾಕಣೆದಾರರಲ್ಲಿ ಒಂದು ವಿನಂತಿ. ಮರಿಯ ಕಾಲಿಗೆ ಸಮಯಕ್ಕೆ ಸರಿಯಾಗಿ ಉಂಗುರ ಹಾಕಿ. ಒಂದು ಪುಸ್ತಕದಲ್ಲಿ ತಂದೆ ತಾಯಿಯ ಸಂಖ್ಯೆ, ಹುಟ್ಟಿದ ದಿನ, ಕಣ್ಣಿನ ಬಣ್ಣ ಬರೆದಿಡಿ. ಹಕ್ಕಿ ಕೈಬದಲಾಗುವಾಗ ಆ ಪುಟದ ಪ್ರತಿಯನ್ನೂ ಜೊತೆಗೆ ಕೊಡಿ.